ಎಡಗಡೆಯ ಟಬ್ಬು

ಮಾರ್ಚ್ ೧೧, ಮಂಗಳವಾರ

ನನ್ನ ಗೊದಮೊಟ್ಟೆಗೆ,

ದೊಡ್ಡಮ್ಮನ ಆಶೀರ್ವಾದ. ನಾನು ಕ್ಷೇಮ. ನೀನೂ, ನಿನ್ನ ಗಂಡನೂ, ನಿನ್ನ ಗಾಜಿನ ತೊಟ್ಟಿಗಳಲ್ಲಿ ಈಜಾಡುವ ಸಂಸಾರವೂ ಕ್ಷೇಮವೆಂದು ನಂಬಿದ್ದೇನೆ. ನೀನು ಬರೆದು ಏಳು ವಾರವಾಯಿತು, ಬೈಯಬೇಡ. ಪೆನ್ನಿತ್ತು, ಹಾಳೆಯಿತ್ತು, ಬಿಡುವೂ ಇತ್ತು. ನಿವೃತ್ತಳಾದವಳಿಗೆ ಬಿಡುವಿಗೇನು ಬರ? ಆದರೆ ಇಲ್ಲಿಯವರ ಸುದ್ದಿ ಬರೆಯಲು ಕೂತರೆ ಪೆನ್ನೂ ಮೂಗು ಮುಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಆಡಿದ್ದು ಗಾಳಿಗೆ. ನಿನಗೆ ಬೇಕಾದದ್ದು ಫೈಲಿಗೆ ಹೋಗುವ ಮಾತು.

ಈ ವಿಚಾರಣೆಗೆ ಹೊರಗಿನ ತಜ್ಞೆಯಾಗಿ ನಿನ್ನನ್ನೇ ನೇಮಿಸಿದ್ದಾರೆಂದು ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಫ್ರಾಕಿನ ಜೇಬಿನ ತುಂಬ ಗೊದಮೊಟ್ಟೆ ತುಂಬಿಕೊಂಡು ಬಂದು ನನ್ನ ಹಾಸಿಗೆ ಒದ್ದೆ ಮಾಡುತ್ತಿದ್ದವಳು ಇವತ್ತು ನಮ್ಮ ಮೀನುಮರಿ ಕೇಂದ್ರದ ಕೊಳಕನ್ನು ಅಳೆಯುವವಳು! ನಾನು ನಿನ್ನ ದೊಡ್ಡಮ್ಮ ಎಂಬುದು ನಮ್ಮ ನಿರ್ದೇಶಕರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲದ ಸಂಗತಿಗಳ ಪಟ್ಟಿ ಬರೆದರೆ ಇದು ಬಹಳ ಕೆಳಗೆ ಬರುತ್ತದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. 'ಬರೀ ಗಂಡು ಮೀನು ಬಿಟ್ಟಿದ್ದ ಕೆರೆಯಲ್ಲಿ ಹೆಣ್ಣು ಎಲ್ಲಿಂದ ಬಂತು? ಮೇವಿನ ಕೋಣೆಯವನು ಕುಡಿದ ಅಮಲಿನಲ್ಲಿ ಹಾರ್ಮೋನು ಬೆರೆಸುವುದನ್ನೇ ಮರೆತ ಅಂತ ಕೇಂದ್ರ ಹೇಳುತ್ತೆ. ನೀನು ಅಲ್ಲಿದ್ದೆಯಲ್ಲ ದೊಡ್ಡಮ್ಮ, ಕಂಡದ್ದನ್ನು ಕಂಡ ಹಾಗೆ ಬರಿ.' ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಫೈಲು ಓದುವ ಗುಮಾಸ್ತನಿಗೂ ಅರ್ಥವಾಗಲಿ.

ತಿಲಾಪಿಯಾ ಈ ನೀರಿನ ಮೀನಲ್ಲ, ಹೊರಗಿನಿಂದ ತಂದದ್ದು. ಬೇಗ ಬೆಳೆಯುತ್ತದೆ, ಅದಕ್ಕಿಂತ ಬೇಗ ಮರಿ ಮಾಡುತ್ತದೆ. ಮೂರು ತಿಂಗಳು ತುಂಬುವುದರೊಳಗೆ ಬಾಣಂತಿ. ಮೊಟ್ಟೆ, ಮರಿ ಎಲ್ಲವನ್ನೂ ತಾಯಿ ಬಾಯಲ್ಲಿಟ್ಟುಕೊಂಡು ಕಾಯುತ್ತಾಳೆ, ಹಾಗಾಗಿ ಒಂದೂ ಸಾಯುವುದಿಲ್ಲ. ಇಂಥದ್ದನ್ನು ಕೆರೆಯಲ್ಲಿ ಪಂಜರ ಕಟ್ಟಿ ಸಾಕಬೇಕೆಂದರೆ ಹೆಣ್ಣು ಇರಲೇಕೂಡದು. ಅದಕ್ಕೇ ಮರಿಗಳು ಬಾಯಿ ಬಿಟ್ಟು ತಿನ್ನಲು ಕಲಿತ ದಿನದಿಂದ ಮೂರು ವಾರ ಹಾರ್ಮೋನಿನ ಮೇವು. ಹೆಣ್ಣಾಗಬೇಕಿದ್ದದ್ದೂ ಗಂಡಾಗುತ್ತದೆ. ಆದರೂ ನೂರಕ್ಕೆ ನಾಲ್ಕೈದು ಹಟಮಾರಿಗಳು ಹೆಣ್ಣಾಗಿಯೇ ಉಳಿಯುತ್ತವೆ. ಇದು ಯಾರ ತಪ್ಪೂ ಅಲ್ಲ, ನಿಮ್ಮ ಪುಸ್ತಕದಲ್ಲೇ ಇದೆ. ಆ ಹಟಮಾರಿಗಳಿಗಾಗಿಯೇ ಒಂದು ಸ್ಟೂಲು, ಒಂದು ದೀಪ, ಎರಡು ಟಬ್ಬು ಇಟ್ಟು ಮೂವತ್ತೊಂದು ವರ್ಷ ನನ್ನನ್ನು ಕೂರಿಸಿದ್ದು. ಬೆರಳುದ್ದದ ಮೀನನ್ನು ಮಗುಚಿ, ಹೊಟ್ಟೆಯಡಿ ಒಂದು ತೊಟ್ಟು ನೀಲಿ ಬಣ್ಣ ಒತ್ತಿದರೆ ಹೆಣ್ಣಿಗೆ ಅಡ್ಡಗೆರೆ ಕಾಣುತ್ತದೆ, ಗಂಡಿಗೆ ಇಲ್ಲ. ಗಂಡು ಬಲಗಡೆಯ ಟಬ್ಬಿಗೆ, ಹೆಣ್ಣು ಎಡಗಡೆಯದಕ್ಕೆ. ದಿನಕ್ಕೆ ಎರಡು ಸಾವಿರ ಮೀನು. ಅಕ್ಷರವನ್ನೇ ಮೇವಿನ ಚೀಲದ ಮೇಲೆ ಕಲಿತವಳು ನಾನು, ಆದರೆ ಪದವಿ ಹೊತ್ತು ಬಂದವರು ನನ್ನ ಬೆನ್ನ ಹಿಂದೆ ನಿಂತು, "ಇನ್ನೊಂದ್ಸಲ ತೋರಿಸ್ತೀರಾ ಅಮ್ಮಾ?" ಎನ್ನುತ್ತಿದ್ದರು.

ಈಗ ಮೇವಿನ ಕೋಣೆಯ ಸ್ಪಿರಿಟ್ಟಣ್ಣನ ವಿಷಯ. ನಿನಗೆ ನೆನಪಿರಬಹುದು, ಸಣ್ಣ ಮೈ, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಓಡಾಡುತ್ತಿದ್ದವನು. ಹಾರ್ಮೋನು ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್ಟೇ ಬೇಕು. ಅದನ್ನು ಮೇವಿನ ಪುಡಿಗೆ ಚಿಮುಕಿಸಿ, ಕೈಯಿಂದ ಕಲಸಿ, ತಟ್ಟೆಗಳಲ್ಲಿ ಹರವಿ ನೆರಳಲ್ಲಿ ಒಣಗಿಸಬೇಕು. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಮೈಯೆಲ್ಲ ಸ್ಪಿರಿಟ್ಟಿನ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತದೆಯೇ? ಕೆಮ್ಮಿನ ಔಷಧಿಯನ್ನೂ ಕುಡಿಯದ ಮನುಷ್ಯ ಅವನು. "ನಾನ್ ಕುಡಿಯಲ್ಲಕ್ಕಾ, ನನ್ನ ಅಂಗಿ ಮಾತ್ರ ದಿನಾ ಕುಡಿಯತ್ತೆ" ಎಂದು ನಗಿಸುತ್ತಿದ್ದ. ಪ್ರತಿ ಹದವನ್ನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಪಂಜರಕ್ಕೆ ಆ ಮೀನು ಬಿಟ್ಟ ವರ್ಷದ್ದೂ ಬರೆದಿದ್ದ. ಆ ಬಾಗಿಲಿಗೆ ಈಗ ಬಣ್ಣ ಬಳಿದಿದ್ದಾರೆ, ಕೇಂದ್ರದ ಸೌಂದರ್ಯಕ್ಕಾಗಿ.

ಬಳಿಸಿದವರು ರಿಬ್ಬನ್ ಸಾಹೇಬರು, ಅದೇ ನಿರ್ದೇಶಕರು. ಹೊಸ ಕಟ್ಟಡ ಬಿಡು, ರಿಪೇರಿಯಾದ ಪಂಪಿಗೂ ರಿಬ್ಬನ್ ಕಟ್ಟಿ ಕತ್ತರಿಸುತ್ತಾರೆ. ಒಮ್ಮೆ ಕತ್ತರಿ ಸಿಗದೆ ಹಲ್ಲಿನಲ್ಲಿ ಕಚ್ಚಿ ಹರಿದರಂತೆ. ನಾನು ಕಂಡದ್ದಲ್ಲ, ಆದರೆ ನಂಬುತ್ತೇನೆ. ಪಂಜರದ ಬಲೆ ಜೀರ್ಣವಾಗಿದೆ, ಬದಲಾಯಿಸಿ ಎಂದು ಕೆರೆಯ ಕೆಲಸದವರು ಮೂರು ಸಲ ಬರೆದುಕೊಟ್ಟರು. ಅತಿಥಿಗಳು ಬರುವ ವಾರ ಈ ಮಹಾನುಭಾವರು ಹಳೇ ಬಲೆಗೇ ಹಸಿರು ಬಣ್ಣ ಹಚ್ಚಿಸಿದರು. ಬಣ್ಣ ಹಚ್ಚಿದರೆ ಬಲೆ ಗಟ್ಟಿಯಾಗುತ್ತದೆಂದು ಯಾವ ಸಂಶೋಧನೆಯಲ್ಲಿದೆಯೋ ನೀನೇ ಹುಡುಕಿ ಹೇಳು. ಅತಿಥಿಗಳು ಫೋಟೋ ತೆಗೆಸಿಕೊಂಡು ಹೋದ ಒಂಬತ್ತನೇ ದಿನ ಬಲೆ ಹರಿಯಿತು. ಹನ್ನೊಂದು ಸಾವಿರ ಮೀನು ಕೆರೆಯ ಪಾಲು.

ಆಗ ಸಾಹೇಬರು ಎಲ್ಲರನ್ನೂ ಕರೆದು ನಗುನಗುತ್ತಾ ಹೇಳಿದ ಮಾತು ಇದು: "ಯಾಕ್ರೀ ಮುಖ ಸಪ್ಪಗೆ ಮಾಡ್ಕೊಂಡಿದೀರಾ? ಎಲ್ಲಾ ಬ್ರಹ್ಮಚಾರಿಗಳು. ನಾಲ್ಕು ದಿನ ಈಜಾಡಿ, ವಯಸ್ಸಾಗಿ ಸಾಯ್ತವೆ." ಬ್ರಹ್ಮಚಾರಿಗಳು ಮಾರನೇ ವರ್ಷವೇ ಕೆರೆಯ ತಳದ ತುಂಬ ತಟ್ಟೆಯಗಲದ ಗೂಡು ತೋಡಿದರು. ಈಗ ಮೂರು ವರ್ಷ. ಬಲೆ ಎಳೆದರೆ ಬರೀ ಅದೇ. ಕೆರೆಯ ನಮ್ಮ ಬೆಳ್ಳಿಮೀನು, ನೀನು ಅಂಗೈಯಲ್ಲಿ ಹಿಡಿದು "ಕನ್ನಡಿ, ಕನ್ನಡಿ" ಎನ್ನುತ್ತಿದ್ದೆಯಲ್ಲ, ಅದು ಕಳೆದ ವರ್ಷ ಒಂದೇ ಒಂದು ಬುಟ್ಟಿ ಬಂತು. ಈ ವರ್ಷ ಅದೂ ಇಲ್ಲ. ದಡದಲ್ಲಿ ಮೀನು ಮಾರುವ ಹೆಂಗಸು ನನ್ನನ್ನು ಕಂಡರೆ ತಕ್ಕಡಿ ಎತ್ತಿ ತೋರಿಸುತ್ತಾಳೆ: "ನೋಡಮ್ಮಾ, ನಿಮ್ಮ ಆಫೀಸಿನ ಮಕ್ಕಳು!"

ಇನ್ನು ಇವರ ಪರಿಹಾರಗಳನ್ನು ಕೇಳು. ಮೊದಲು ಒಬ್ಬ ಪ್ರೊಫೆಸರರನ್ನು ಕರೆಸಿದರು. ಅವರು ಎರಡು ಗಂಟೆ ಮಾತನಾಡಿ, ಬೇರೆ ಕೆರೆಯಿಂದ ಹಕ್ಕಿಗಳ ಕಾಲಿಗೆ ಮೊಟ್ಟೆ ಅಂಟಿಕೊಂಡು ಬಂದಿರಬೇಕೆಂದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. "ಸ್ವಾಮೀ, ಮೊಟ್ಟೆ ಇರೋದು ತಾಯಿಮೀನಿನ ಬಾಯೊಳಗೆ. ಹಕ್ಕಿ ಕಾಲಿಗೆ ಹೇಗೆ ಅಂಟ್ತು, ಮುತ್ತು ಕೊಡ್ತಾ?" ಎಂದೆ. ಯಾರೂ ನಗಲಿಲ್ಲ, ಸಾಹೇಬರು ನಕ್ಕಿರಲಿಲ್ಲವಲ್ಲ! ಆಮೇಲೆ ಅದೇ ಪ್ರೊಫೆಸರರು ತಿಲಾಪಿಯಾ ತಿನ್ನಲು ಇನ್ನೊಂದು ದೊಡ್ಡ ಮೀನನ್ನು ಹೊರದೇಶದಿಂದ ತರಿಸೋಣ ಎಂದರು. ಮನೆಗೆ ಇಲಿ ಹೊಕ್ಕಿತೆಂದು ಹಾವು ಸಾಕುವ ಬುದ್ಧಿ. ಆ ಸಲಹೆಗೂ ಒಂದು ಫೈಲಾಗಿದೆ.

ಆಮೇಲೆ 'ಹೊರಮೀನು ತೆರವು ಸಪ್ತಾಹ'. ರಬ್ಬರ್ ಬೂಟು ಹಾಕಿಕೊಂಡ ಎಂಟು ಜನ ಗಣ್ಯರು. ಬೂಟಿನ ಮೇಲೆ ಅಂಗಡಿಯ ಚೀಟಿ ಹಾಗೇ ಇತ್ತು. ಸಾಹೇಬರು ಬೀಸಿದ ಬಲೆ ಫೋಟೋದವನ ತಲೆ ಮೇಲೆ ಬಿತ್ತು. ಎರಡನೇ ಸಲ ನಮ್ಮ ಕೆಲಸದವರೇ ಬೀಸಿ, ಹಗ್ಗವನ್ನು ಸಾಹೇಬರ ಕೈಗೆ ಕೊಟ್ಟರು. ಬಂದದ್ದು ಒಂದೇ ಮೀನು. ಫೋಟೋದವನಿಗೆ ಅದು ಸರಿಯಾಗಿ ಸಿಗಲಿಲ್ಲ ಎಂದು ಮತ್ತೆ ನೀರಿಗಿಳಿಸಿ ಮತ್ತೆ ಎತ್ತಿಸಿದರು. ಮೀನು ಬಾಯಿ ಬಿಗಿಹಿಡಿದಿತ್ತು. ದವಡೆಯ ಕೆಳಗೆ ಚೀಲದ ಹಾಗೆ ಉಬ್ಬಿರುವುದನ್ನು ದಡದಿಂದಲೇ ನೋಡಿ ನಾನು, "ಬಸುರಿ ಬಾಯಿ ಅದು, ಜೋಪಾನ" ಎಂದು ಕೂಗಿದೆ. ಕೇಳುವವರು ಯಾರು? ಬಕೆಟ್ಟಿಗೆ ಹಾಕಿದ ಕೂಡಲೇ ಅವಳು ಹೆದರಿ ಬಾಯಿ ತೆರೆದಳು. ಇನ್ನೂರು ಮರಿ. ತಾಯಿಯನ್ನು ಎತ್ತಿ ಪತ್ರಿಕೆಯವರಿಗೆ ತೋರಿಸುತ್ತಿರುವಾಗ ಸಾಹೇಬರ ಡ್ರೈವರು, ಬಕೆಟ್ಟು ಕಾರಿನಲ್ಲಿ ಚೆಲ್ಲಿದರೆ ಬೈಯುತ್ತಾರೆಂದು, ಅದರ ನೀರನ್ನು ಕೆರೆಗೇ ಸುರಿದ. ಒಂದು ಹಿಡಿದರು, ಇನ್ನೂರು ಬಿಟ್ಟರು. ಮರುದಿನದ ಪತ್ರಿಕೆಯಲ್ಲಿ 'ಯಶಸ್ವೀ ಅಭಿಯಾನ'.

ಇಂಥವರು ಕೂತು ವಿಚಾರಣೆ ಮಾಡಿದರು. ಬಲೆ ಯಾಕೆ ಹರಿಯಿತೆಂದು ಯಾರೂ ಕೇಳಲಿಲ್ಲ. ಹೆಣ್ಣು ಎಲ್ಲಿಂದ ಬಂತು, ಅಷ್ಟೇ. ಹೆಣ್ಣು ಬಂದರೆ ಹಾರ್ಮೋನು ಬಿದ್ದಿಲ್ಲ, ಹಾರ್ಮೋನು ಬಿದ್ದಿಲ್ಲವಾದರೆ ಕಲಸುವವನು ಕುಡಿದಿದ್ದ. ಎಷ್ಟು ಸಲೀಸು ನೋಡು! ಉದ್ದನೆಯ ಮೇಜು, ಬಿಸ್ಕತ್ತಿನ ತಟ್ಟೆ, ಒಬ್ಬೊಬ್ಬರನ್ನೇ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಅವನ ಹತ್ತಿರ ಸ್ಪಿರಿಟ್ ವಾಸನೆ ಬರ್ತಿತ್ತಾ?" ಗೇಟಿನವನು ಹೂಂ ಎಂದ. ಪಂಪಿನವನು ಹೂಂ ಎಂದ. ಅವನ ಮನೆಯಲ್ಲಿ ವರ್ಷಗಟ್ಟಲೆ ಉಂಡು ಕೈ ಒರೆಸಿಕೊಂಡ ಗುಮಾಸ್ತ, "ಬರ್ತಿತ್ತು ಸಾರ್, ಘಾಟು" ಎಂದ. ಘಾಟಂತೆ! ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಮೇಲೂ ಸಂಶೋಧನೆ ಮಾಡುವ ವಿಭಾಗ ನಿಮ್ಮಲ್ಲಿದ್ದರೆ ಇವರನ್ನೇ ಕಳಿಸಿಕೊಡುತ್ತೇನೆ. ನನ್ನನ್ನೂ ಕರೆದರು, ಕೇಳಿದ್ದಕ್ಕೆ ಹೇಳಿ ಬಂದೆ.

ಅವನನ್ನು ಅಮಾನತು ಮಾಡಿ ಆರು ತಿಂಗಳಾಯಿತು. ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಈಗ ಕೇಂದ್ರದ ಮನೆ ಖಾಲಿ ಮಾಡೆಂದು ನೋಟೀಸು ಬಂದಿದೆ, ಇದೇ ಇಪ್ಪತ್ತೆಂಟಕ್ಕೆ ಗಡುವು. ಅದಕ್ಕಿಂತ ಹೆಚ್ಚು ಅವನ ಹೆಂಡತಿಯನ್ನು ನೋಯಿಸಿದ್ದು ಕುಡುಕನೆಂಬ ಮಾತು. ಅಂಗಿಗಳನ್ನು ಕಲ್ಲಿಗೆ ಕುಕ್ಕಿ ಕುಕ್ಕಿ ಒಗೆಯುತ್ತಾಳೆ, ಅಂಗಡಿಗೆ ಹೋದಾಗ ಜನ ಮೂಗು ಮುಚ್ಚಿಕೊಳ್ಳಬಾರದೆಂದು.

ಆದ್ದರಿಂದ ಗೊದಮೊಟ್ಟೆ, ನಿನ್ನ ವರದಿಯಲ್ಲಿ ಅಂಜದೆ ಬರಿ. ಮೇವಿನಲ್ಲಿ ತಪ್ಪಿರಲಿಲ್ಲ. ಹಾರ್ಮೋನು ಬಿದ್ದಿರದಿದ್ದರೆ ಮರಿಗಳಲ್ಲಿ ಅರ್ಧಕ್ಕರ್ಧ ಹೆಣ್ಣಿರಬೇಕಿತ್ತು. ಪಂಜರದಲ್ಲಿ ಉಳಿದಿದ್ದ ಮೀನುಗಳನ್ನು ಆಮೇಲೆ ಕೊಯ್ದು ನೋಡಿದಾಗ ನೂರಕ್ಕೆ ಐದು ಸಿಕ್ಕಿದ್ದವು. ಆ ಕಾಗದ ನಿನ್ನ ಫೈಲಿನಲ್ಲೇ ಇರಬೇಕು. ತಪ್ಪು ಬಲೆಯದು, ಬಣ್ಣದ್ದು, ರಿಬ್ಬನ್ನಿನದು. ನಿನ್ನ ಲೇಖನಗಳ ಕೊನೆಗೆ 'ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ' ಎಂದು ಬರೆಯುತ್ತೀಯಲ್ಲ, ಇಲ್ಲಿ ಮಾತ್ರ ಹಾಗೆ ಬರೆದು ಜಾರಿಕೊಳ್ಳಬೇಡ, ನಿನ್ನ ದಮ್ಮಯ್ಯ.

ಹೊತ್ತಿಗೆ ಸರಿಯಾಗಿ ಉಣ್ಣು. ಗಂಡನಿಗೂ ಒಂದಿಷ್ಟು ಅಡುಗೆ ಕಲಿಸು. ನೂರು ಕಾಲ ಬಾಳಿ, ಇಬ್ಬರೂ.

ನಿನ್ನ,
ದೊಡ್ಡಮ್ಮ

ತಾ.ಕ. ಗುರುವಾರ, ಮಧ್ಯಾಹ್ನ

ಕಾಗದವನ್ನು ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ.

ಬೆಳಿಗ್ಗೆ ಅಂಚೆಗೆ ಹಾಕುವ ಮೊದಲು ಇದನ್ನು ಸ್ಪಿರಿಟ್ಟಣ್ಣನ ಮನೆಗೆ ತೆಗೆದುಕೊಂಡು ಹೋದೆ. ಓದಿ ಹೇಳಿದರೆ ಅವನ ಮನಸ್ಸು ಹಗುರಾದೀತು ಅಂತ. ಸುಳ್ಳೇಕೆ, ನಾನು ಎಷ್ಟು ಚೆನ್ನಾಗಿ ಬರೆದಿದ್ದೇನೆಂದು ಅವನು ಹೊಗಳಲಿ ಅಂತ. ಅವನು ನೆಲದಲ್ಲಿ ಕೂತು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಹೆಂಡತಿ ತಟ್ಟೆಗಳ ನಡುವೆ ಹಳೇ ಪತ್ರಿಕೆ ಇಡುತ್ತಿದ್ದಳು. ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಾನು ಬಾಗಿಲ ಬಳಿ ಕೂತು ಎಲ್ಲವನ್ನೂ ಓದಿದೆ. ಬಕೆಟ್ಟಿನ ಕತೆಗೆ ಅವನ ಹೆಂಡತಿ ನಕ್ಕಳು. ಅವನು ಹಗ್ಗದ ಗಂಟು ಹಾಕಿ ಮುಗಿಸಿದ ಮೇಲೆ ಹೇಳಿದ:

"ಎಲ್ಲರೂ ಇದಾರಕ್ಕಾ ಇದ್ರಲ್ಲಿ. ನೀನೊಬ್ಬಳು ಇಲ್ಲ."

"ಬರೆದವಳೇ ನಾನಲ್ಲವೇನೋ?"

"ಅದೇ."

ಅವನು ತಲೆಯೆತ್ತಲಿಲ್ಲ. "ಆ ವರ್ಷ ನಾನು ಮೇವಿನ ತಟ್ಟೆ ಹಿಡ್ಕೊಂಡು ಬಂದು ನಿನ್ನೆದುರು ನಿಂತ್ರೂ ಯಾರು ಅಂತ ನಿಂಗೆ ಗೊತ್ತಾಗ್ತಿರ್ಲಿಲ್ಲ. ವಾಸನೆ ಬಡಿದ ಮೇಲೆ 'ಓ, ನೀನಾ' ಅಂತಿದ್ದೆ. ಮನುಷ್ಯನ ಮುಖವೇ ಕಾಣದವಳಿಗೆ ಮೀನಿನ ಹೊಟ್ಟೆ ಮೇಲಿನ ಗೆರೆ ಕಾಣತ್ತಾ?"

"ಗೊತ್ತಿದ್ದೂ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಏನಂತಿದ್ರು? ಕುಡುಕ ತಾನು ತಪ್ಪಿಸ್ಕೊಳ್ಳೋಕೆ ಮುದುಕಿ ಮೇಲೆ ಹಾಕ್ದ ಅಂತಿದ್ರು. ಅದು ನೀನೇ ಹೇಳ್ಬೇಕಾದ ಮಾತು. ಕಾದೆ. ನೀನು ವಿಚಾರಣೆಗೆ ಒಳಗೆ ಹೋದಾಗ ನಾನು ಹೊರಗಿನ ಬೆಂಚಲ್ಲೇ ಇದ್ದೆ, ಬಾಗಿಲು ಪೂರ್ತಿ ಹಾಕಿರ್ಲಿಲ್ಲ."

ಒಳಗೆ ನಾನು ಹೇಳಿದ್ದು ಎರಡು ಮಾತು. ವಾಸನೆ ಬರುತ್ತಿತ್ತಾ ಎಂದು ಕೇಳಿದರು, "ದಿನಾ ಬರ್ತಿತ್ತು" ಎಂದೆ. ಸುಳ್ಳಲ್ಲವಲ್ಲ. ಯಾಕೆ ಬರುತ್ತಿತ್ತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲಿಗೆ ನಿಲ್ಲಿಸಿದರೆ ನನ್ನ ಸ್ಟೂಲಿನ ಕಡೆ ಯಾರೂ ತಿರುಗುವುದಿಲ್ಲವೆಂದು ಗೊತ್ತಿತ್ತು. ನಿಲ್ಲಿಸಿದೆ. ಗೇಟಿನವನು, ಪಂಪಿನವನು, ಗುಮಾಸ್ತ, ಇವರೆಲ್ಲ ಸಾಹೇಬರಿಗೆ ಹೆದರಿ ಹೂಂಗುಟ್ಟಿದರು. ನಾನು ನಿವೃತ್ತಳು, ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಎಲ್ಲರಿಗಿಂತ ಹೊಲಸು ಕೆಲಸ ನನ್ನದೇ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಬಲೆ ಹರಿಯುವುದಕ್ಕೆ ಒಂದು ವರ್ಷ ಮೊದಲೇ ನನ್ನ ಕಣ್ಣು ಹೋಗಿತ್ತು. ನೀಲಿ ಬಣ್ಣ ಒತ್ತಿದರೆ ನೀಲಿ ಮಂಜು, ಅಷ್ಟೇ ಕಾಣುತ್ತಿತ್ತು. ಹೆಬ್ಬೆರಳಿನಿಂದ ಸವರಿ ಊಹೆಯ ಮೇಲೆ ಹಾಕುತ್ತಿದ್ದೆ. ಮೊದಲೆಲ್ಲ ಸಂಜೆಗೆ ಎಡಗಡೆಯ ಟಬ್ಬಿನಲ್ಲಿ ನೂರರ ಹತ್ತಿರ ಹೆಣ್ಣು ಇರುತ್ತಿದ್ದವು. ಆ ವರ್ಷ ನಾಲ್ಕೋ ಆರೋ. ಉಳಿದವೆಲ್ಲ ನನ್ನ ಕೈಯಿಂದಲೇ ಬಲಗಡೆಗೆ ಹೋದವು, ಅಲ್ಲಿಂದ ಪಂಜರಕ್ಕೆ. ಖಾಲಿ ಟಬ್ಬು ನೋಡಿ ರಿಬ್ಬನ್ ಸಾಹೇಬರು, "ನೂರಕ್ಕೆ ನೂರು ಗಂಡು!" ಎಂದು ಕುಣಿದಾಡಿ ನನ್ನ ಫೋಟೋವನ್ನು ಗೋಡೆಗೆ ಹಾಕಿಸಿದರು. ಹಾಕಿಸಿಕೊಂಡೆ. ಪದವೀಧರರು ಬೆನ್ನ ಹಿಂದೆ ನಿಂತು ಕಲಿಯುತ್ತಿದ್ದ ಕಣ್ಣು ಇದು. 'ನನಗೆ ಕಾಣುತ್ತಿಲ್ಲ' ಎನ್ನುವುದಕ್ಕಿಂತ ಕೆರೆ ಹಾಳಾಗುವುದು ನನಗೆ ಸಲೀಸಾಯಿತು. ಹೋದ ವರ್ಷ, ಆ ಸಪ್ತಾಹಕ್ಕೂ ಮೊದಲು, ಕಣ್ಣಿನ ಆಪರೇಷನ್ ಆದಾಗ ಡಾಕ್ಟರು, "ಇಷ್ಟು ದಿನ ಹೇಗಮ್ಮಾ ನಿಭಾಯಿಸಿದ್ರಿ?" ಎಂದು ಕೇಳಿದರು. ನೀನು ಪಕ್ಕದಲ್ಲೇ ನಿಂತು, "ನಮ್ಮ ದೊಡ್ಡಮ್ಮ ಗಟ್ಟಿಗಿತ್ತಿ ಡಾಕ್ಟ್ರೇ" ಎಂದೆ. ಆ ಮಾತು ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ.

ಇದನ್ನು ನೀನು ಹೊರಬೇಕಾಗಿಲ್ಲ. ನಾನು ನಿನ್ನ ಸಂಬಂಧಿಯೆಂದು ಬರೆದುಕೊಟ್ಟು ವಿಚಾರಣೆಯಿಂದ ಹಿಂದೆ ಸರಿ; ನಿನ್ನ ಹೆಸರು ಕೆಡಬಾರದು. ಈ ತಾ.ಕ.ದ ಇನ್ನೊಂದು ಪ್ರತಿಯನ್ನು, ನನ್ನ ಹೆಸರು ಮತ್ತು ಕಣ್ಣಿನ ಆಸ್ಪತ್ರೆಯ ಚೀಟಿ ಸೇರಿಸಿ, ನಾಳೆ ಹತ್ತು ಗಂಟೆಗೆ ವಿಚಾರಣೆಯ ಮೇಜಿನ ಮೇಲೆ ನಾನೇ ಇಡುತ್ತೇನೆ. ವಾಸನೆ ಯಾಕೆ ಬರುತ್ತಿತ್ತು ಎಂಬುದನ್ನೂ ಅದರಲ್ಲಿ ಬರೆದಿದ್ದೇನೆ.

ಸ್ಪಿರಿಟ್ಟಣ್ಣನಿಗೆ ಹೀಗೆ ಮಾಡುತ್ತೇನೆಂದು ಹೇಳಲಿಲ್ಲ. ಆರು ತಿಂಗಳು ಸುಮ್ಮನಿದ್ದವಳು 'ನಾಳೆ ಹೇಳ್ತೀನಿ' ಅಂದರೆ ಯಾರು ನಂಬುತ್ತಾರೆ? ಹೊರಡುವಾಗ ಅವನ ಹೆಂಡತಿ ಬಾಗಿಲವರೆಗೆ ಬಂದಳು. ಅವನು ಇನ್ನೊಂದು ಪೆಟ್ಟಿಗೆಯನ್ನು ಎಳೆದುಕೊಂಡು ಹಗ್ಗ ಸುತ್ತತೊಡಗಿದ್ದ.